ಮಾರ್ಚ್ ಬಿಸಿಲಿಗೆ ಆಲಿಕಲ್ಲು

ಮಾರ್ಚ್‌ನಲ್ಲಿ ರಾಯಚೂರಿನ ನೆಲ ಕಾದ ಹೆಂಚು. ಆದರೂ ಒಮ್ಮೊಮ್ಮೆ ಸಂಜೆ ಆಲಿಕಲ್ಲು ಬೀಳುವುದುಂಟು. ವಿದರ್ಭದಿಂದ ಕರ್ನಾಟಕದ ಒಳನಾಡಿನವರೆಗೆ ಆಗಾಗ ಕಡಿಮೆ ಒತ್ತಡದ ಪಟ್ಟಿಯೊಂದು ಚಾಚಿಕೊಳ್ಳುತ್ತದೆ. ಉತ್ತರದ ಒಣಗಾಳಿ, ಬಂಗಾಳ ಕೊಲ್ಲಿಯ ತೇವದ ಗಾಳಿ ಅಲ್ಲಿ ಸಂಧಿಸುತ್ತವೆ. ಬಿಸಿಗಾಳಿ ಸರ್ರನೆ ಮೇಲೇರಿ ಗುಡುಗು ಮೋಡ ಕಟ್ಟುತ್ತದೆ. 2014ರ ಮಾರ್ಚ್‌ನಲ್ಲಿ ಉತ್ತರ ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಹೀಗೇ ಆಲಿಕಲ್ಲು ಸುರಿದು ಬೆಳೆ ನೆಲಕಚ್ಚಿತ್ತು.

ಮಳೆಗೆ ಮೊದಲು ಧೂಳುಗಾಳಿ ಏಳುತ್ತದೆ. ಜಿಲ್ಲೆಯ ದೇವದುರ್ಗದ ಕಣದಲ್ಲಿ ಒಣಹಾಕಿದ ಮೆಣಸಿನಕಾಯಿಗೆ ತಾಡಪತ್ರಿ ಹೊದಿಸಲು ಸಿಗುವುದು ಅಷ್ಟೇ ಹೊತ್ತು. ನೆನೆದರೆ ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ಅದೇ ಜಿಲ್ಲೆಯ ಮಾನ್ವಿಯಲ್ಲಿ ತುಂಗಭದ್ರಾ ಕಾಲುವೆ ನೀರಿನ ಬೇಸಿಗೆ ಭತ್ತಕ್ಕೂ ಈ ಮಳೆಯ ಭಯ.

ಹವಾಮಾನ ಇಲಾಖೆ ‘ಅಲ್ಲಲ್ಲಿ ಮಳೆ’ ಎಂದರೆ, ಹೆಚ್ಚೆಂದರೆ ಶೇ 25ರಷ್ಟು ಮಳೆಮಾಪನ ಕೇಂದ್ರಗಳಲ್ಲಿ ಮಳೆ ಎಂದು ಲೆಕ್ಕ. ಮಾನ್ವಿ ನೆಂದು ರಾಯಚೂರು ಒಣಗಿದ್ದರೆ ಮುನ್ಸೂಚನೆ ಸುಳ್ಳಾಯಿತು ಎನ್ನುವಂತಿಲ್ಲ.