ಕಾರಿನ ಬದಲಿ ಟೈರುಗಳ ಆಯ್ಕೆ

ಕಾರಿನ ಬದಲಿ ಟೈರುಗಳ ಆಯ್ಕೆ ಎಂದರೆ ಸವೆದ ಅಥವಾ ಹಳತಾದ ಟೈರುಗಳ ಸ್ಥಾನದಲ್ಲಿ ವಾಹನದ ಅಳತೆ, ಭಾರ, ವೇಗ ಮತ್ತು ಬಳಕೆಗೆ ಹೊಂದುವ ಹೊಸ ಟೈರುಗಳನ್ನು ಆರಿಸುವ ಕ್ರಮ. ಚಲಿಸುವ ಕಾರು ನೆಲವನ್ನು ಮುಟ್ಟುವುದು ನಾಲ್ಕು ಟೈರುಗಳ ಅಂಗೈಯಷ್ಟು ಅಗಲದ ಭಾಗಗಳಲ್ಲಿ ಮಾತ್ರ. ಬ್ರೇಕಿನ ಪರಿಣಾಮ, ತಿರುವಿನಲ್ಲಿನ ಸ್ಥಿರತೆ ಹಾಗೂ ಇಂಧನದ ಖರ್ಚು ಈ ಸ್ಪರ್ಶವನ್ನು ಅವಲಂಬಿಸಿವೆ. ಟೈರಿನ ಬಾಳಿಕೆಯು ಅದು ಓಡುವ ದೂರ ಮತ್ತು ಅದರ ವಯಸ್ಸು ಎಂಬ ಎರಡು ಅಂಶಗಳಿಗೆ ಒಳಪಟ್ಟಿದೆ. ಹೀಗಾಗಿ ಒಬ್ಬರಿಗೆ ಮಿತವ್ಯಯವೆನಿಸುವ ಟೈರು ಮತ್ತೊಬ್ಬರಿಗೆ ದುಬಾರಿಯಾಗಬಹುದು.

ಬದಲಿಸಬೇಕಾದ ಸಮಯ

ಟೈರಿನ ನೆಲ ಮುಟ್ಟುವ ಹೊರಪದರಕ್ಕೆ ಟ್ರೆಡ್ ಎಂದು ಹೆಸರು. ಹೊಸ ಕಾರಿನ ಟೈರಿನಲ್ಲಿ ಟ್ರೆಡ್ಡಿನ ಗೀರುಗಳ ಆಳ ಸಾಮಾನ್ಯವಾಗಿ 7ರಿಂದ 8 ಮಿ.ಮೀ. ಇರುತ್ತದೆ. ಈ ಗೀರುಗಳ ತಳದಲ್ಲಿ 1.6 ಮಿ.ಮೀ. ಎತ್ತರದ ಸಣ್ಣ ರಬ್ಬರ್ ದಿಂಡುಗಳಿರುತ್ತವೆ. ಸುತ್ತಲಿನ ರಬ್ಬರು ಸವೆದು ಈ ದಿಂಡುಗಳ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತೆಂದು ಅರ್ಥ. ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳು ಕಾರುಗಳಿಗೆ ವಿಧಿಸಿರುವ ಕನಿಷ್ಠ ಆಳವೂ 1.6 ಮಿ.ಮೀ. ಆಗಿದೆ. ಗೀರು ಆಳವಾಗಿದ್ದರೂ ಪಕ್ಕದ ಗೋಡೆಯಲ್ಲಿ ಉಬ್ಬು, ಸೀಳು ಅಥವಾ ಬಿರುಕುಗಳು ಕಂಡುಬಂದರೆ ಟೈರನ್ನು ಕೂಡಲೇ ಬದಲಿಸಬೇಕು.

ಟೈರಿನ ಪಕ್ಕದ ಬರಹ

ಟೈರಿನ ಪಕ್ಕದ ಗೋಡೆಯ ಮೇಲೆ ಅದರ ಅಳತೆ ಮತ್ತು ಸಾಮರ್ಥ್ಯವನ್ನು ಅಚ್ಚು ಹಾಕಿರುತ್ತಾರೆ. 185/65 ಆರ್ 15 88 ಎಚ್ ಎಂಬ ಬರಹದ ಅರ್ಥ ಹೀಗಿದೆ:

- 185: ಟೈರಿನ ಅಗಲ, ಮಿಲಿಮೀಟರುಗಳಲ್ಲಿ.
- 65: ಪಕ್ಕದ ಗೋಡೆಯ ಎತ್ತರ, ಅಗಲದ ಶೇ. 65ರಷ್ಟು.
- ಆರ್: ರೇಡಿಯಲ್ ರಚನೆಯ ಸೂಚನೆ.
- 15: ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ.
- 88: ಭಾರದ ಸೂಚ್ಯಂಕ, ಪ್ರತಿ ಟೈರು 560 ಕಿ.ಗ್ರಾಂ. ವರೆಗೆ ಹೊರಬಲ್ಲದು.
- ಎಚ್: ವೇಗದ ಸೂಚನೆ, ಗಂಟೆಗೆ 210 ಕಿ.ಮೀ. ವರೆಗೆ.

ಚಾಲಕನ ಬಾಗಿಲಿನ ಕಂಬದ ಮೇಲಿನ ಚೀಟಿಯಲ್ಲಿ ಹಾಗೂ ವಾಹನದ ಕೈಪಿಡಿಯಲ್ಲಿ ಕಾರು ತಯಾರಕರು ಸೂಚಿಸಿದ ಅಳತೆ ಇರುತ್ತದೆ. ಭಾರ ಮತ್ತು ವೇಗದ ಸೂಚನೆಗಳು ಅದಕ್ಕಿಂತ ಕಡಿಮೆ ಇರಬಾರದು. ಒಂದೇ ಮಾದರಿಯ ಕಾರಿಗೆ ಎರಡು ಅಳತೆಗಳು ಇರುವುದೂ ಉಂಟು. ಮಾರುತಿ ಸ್ವಿಫ್ಟ್ ಕಾರಿನ ಕೆಲವು ಆವೃತ್ತಿಗಳು 165/80 ಆರ್ 14 ಟೈರುಗಳೊಡನೆ, ಇನ್ನು ಕೆಲವು 185/65 ಆರ್ 15 ಟೈರುಗಳೊಡನೆ ಬಂದಿವೆ. ಲೆಕ್ಕ ಹಾಕಿದರೆ ಮೊದಲನೆಯದರ ಒಟ್ಟು ವ್ಯಾಸ 619.6 ಮಿ.ಮೀ., ಎರಡನೆಯದರದು 621.5 ಮಿ.ಮೀ. ವ್ಯಾಸ ಹೀಗೆ ಹತ್ತಿರವಿದ್ದಾಗ ವೇಗಮಾಪಕದ ತೋರಿಕೆ ಹೆಚ್ಚು ಬದಲಾಗುವುದಿಲ್ಲ. ಆದರೆ ರಿಮ್ಮಿನ ಅಳತೆ ಬೇರೆಯಾದುದರಿಂದ ಒಂದರ ಬದಲು ಇನ್ನೊಂದನ್ನು ಅದೇ ರಿಮ್ಮಿಗೆ ಹಾಕಲಾಗದು.

ತಯಾರಿಕೆಯ ಕಾಲವನ್ನು ನಾಲ್ಕು ಅಂಕಿಗಳು ತಿಳಿಸುತ್ತವೆ. 2324 ಎಂದಿದ್ದರೆ ಅದು 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರು. ಭಾರತದಲ್ಲಿ ಕಾರಿನ ಟೈರುಗಳಿಗೆ ಐ.ಎಸ್. 15633 ಮಾನಕದ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ.

ಬಾಳಿಕೆಯ ಲೆಕ್ಕ

ಟೈರಿನ ನಿಜವಾದ ವೆಚ್ಚವು ಬೆಲೆಯನ್ನು ಅದು ಓಡುವ ದೂರದಿಂದ ಭಾಗಿಸಿದಾಗ ತಿಳಿಯುತ್ತದೆ. ಉದಾಹರಣೆಗೆ, ₹4,000 ಬೆಲೆಯ ಟೈರು 30,000 ಕಿ.ಮೀ. ಓಡಿದರೆ ಪ್ರತಿ ಕಿ.ಮೀ.ಗೆ ಸುಮಾರು 13 ಪೈಸೆ ತಗಲುತ್ತದೆ. ₹5,500 ಬೆಲೆಯ ಟೈರು 50,000 ಕಿ.ಮೀ. ಓಡಿದರೆ 11 ಪೈಸೆ ತಗಲುತ್ತದೆ. ಎರಡನೆಯದು ಕೊಳ್ಳುವಾಗ ದುಬಾರಿ, ಬಳಸುವಾಗ ಅಗ್ಗ.

ಆದರೆ ಈ ಲೆಕ್ಕಕ್ಕೆ ಒಂದು ಮಿತಿಯಿದೆ. ಬಿಸಿಲು, ಗಾಳಿ ಮತ್ತು ಶಾಖಗಳಿಂದ ರಬ್ಬರು ಓಡದೆ ನಿಂತಲ್ಲಿಯೂ ಗಟ್ಟಿಯಾಗಿ ಹಿಡಿತವನ್ನು ಕಳೆದುಕೊಳ್ಳುತ್ತದೆ. ಐದು ವರ್ಷಗಳ ಬಳಕೆಯ ನಂತರ ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷಿಸಬೇಕೆಂದೂ, ಗೀರು ಎಷ್ಟೇ ಉಳಿದಿರಲಿ, ಹತ್ತು ವರ್ಷಗಳಿಗಿಂತ ಹೆಚ್ಚು ಬಳಸಬಾರದೆಂದೂ ಹಲವು ಟೈರು ತಯಾರಕರು ಸೂಚಿಸುತ್ತಾರೆ. ಕೆಲವು ಕಾರು ತಯಾರಕರು ಆರು ವರ್ಷಗಳ ಮಿತಿಯನ್ನು ಹೇಳುತ್ತಾರೆ.

ಕೆಲವು ಟೈರುಗಳ ಮೇಲೆ ಅಮೆರಿಕದ ಪದ್ಧತಿಯ ಟ್ರೆಡ್‌ವೇರ್ ಅಂಕಿ ಇರುತ್ತದೆ. 400 ಅಂಕಿಯ ಟೈರು 200 ಅಂಕಿಯ ಟೈರಿಗಿಂತ ನಿಧಾನವಾಗಿ ಸವೆಯುತ್ತದೆಂದು ತಿಳಿಯಬಹುದು. ಈ ಅಂಕಿಯನ್ನು ತಯಾರಕರೇ ನೀಡುವುದರಿಂದ ಒಂದೇ ಕಂಪನಿಯ ಟೈರುಗಳನ್ನು ಹೋಲಿಸಲು ಅದು ಹೆಚ್ಚು ಉಪಯುಕ್ತ. ಅದು ಕಿಲೋಮೀಟರುಗಳ ಭರವಸೆಯಲ್ಲ.

ಬೆಳಗಾವಿ ಮತ್ತು ಖಾನಾಪುರದ ಉದಾಹರಣೆ

ಬಳಕೆಗೆ ತಕ್ಕಂತೆ ಆಯ್ಕೆ ಬದಲಾಗುವುದಕ್ಕೆ ಬೆಳಗಾವಿ ಪ್ರದೇಶವು ಒಳ್ಳೆಯ ನಿದರ್ಶನ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿ.ಮೀ. ದೂರವಿದೆ. ವರ್ಷದಲ್ಲಿ 300 ದಿನ ಹೋಗಿ ಬರುವ ಕಾರು 15,600 ಕಿ.ಮೀ. ಕ್ರಮಿಸುತ್ತದೆ. 45,000 ಕಿ.ಮೀ. ಬಾಳುವ ಟೈರು ಇಂಥ ಕಾರಿನಲ್ಲಿ ಮೂರು ವರ್ಷದೊಳಗೆ ಸವೆದು ಹೋಗುತ್ತದೆ. ಇವರಿಗೆ ಹೆಚ್ಚು ಬಾಳಿಕೆಯ ಟೈರಿಗೆ ಕೊಡುವ ಅಧಿಕ ಬೆಲೆ ಮರಳಿ ಬರುತ್ತದೆ.

ನಗರದ ಕೋಟೆ ಕೆರೆಯ ಆಸುಪಾಸಿನಲ್ಲಿ ವಾಸಿಸಿ ಪೇಟೆ, ಆಸ್ಪತ್ರೆ, ಮದುವೆ-ಮುಂಜಿಗಳಿಗೆ ಮಾತ್ರ ಕಾರು ತೆಗೆಯುವ ಕುಟುಂಬವು ವರ್ಷಕ್ಕೆ 4,000 ಕಿ.ಮೀ. ಓಡಿಸುತ್ತದೆ ಎಂದುಕೊಂಡರೆ, ಅದೇ ಟೈರು ಸವೆಯಲು ಹನ್ನೊಂದು ವರ್ಷಗಳು ಬೇಕು. ಅಷ್ಟರೊಳಗೆ ರಬ್ಬರು ಮುಪ್ಪಾಗಿರುತ್ತದೆ. ಇಂಥವರು ಹೆಚ್ಚು ಕಿಲೋಮೀಟರು ಬಾಳುವ ಟೈರಿಗೆ ಹೆಚ್ಚಿನ ಹಣ ಕೊಡುವ ಅಗತ್ಯವಿಲ್ಲ. ಈಚೆಗೆ ತಯಾರಾದ, ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುವ ಸಾಧಾರಣ ಬೆಲೆಯ ಟೈರು ಅವರಿಗೆ ಸೂಕ್ತ. ಗೀರು ಆಳವಾಗಿ ಕಾಣುವುದರಿಂದ ಹಳೆಯ ಟೈರನ್ನು ಮುಂದುವರಿಸುವ ಅಪಾಯವೂ ಈ ವರ್ಗದಲ್ಲಿಯೇ ಹೆಚ್ಚು.

ಮೂರನೆಯ ಬಳಕೆಯು ಘಟ್ಟದ ದಾರಿಯದು. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಚೋರ್ಲಾ ಘಟ್ಟವನ್ನಿಳಿದು ಗೋವೆಗೆ ಹೋಗುವ ರಸ್ತೆ ಮಳೆಗಾಲದಲ್ಲಿ ಸದಾ ಒದ್ದೆಯಾಗಿರುತ್ತದೆ. ಮಲಪ್ರಭಾ ನದಿಯ ಉಗಮಸ್ಥಾನವಾದ ಕಣಕುಂಬಿಯು ಖಾನಾಪುರ ತಾಲ್ಲೂಕಿನ ಭಾರೀ ಮಳೆಯ ಸ್ಥಳಗಳಲ್ಲಿ ಒಂದು. ಟೈರಿನ ಗೀರುಗಳು ನೀರನ್ನು ಹೊರದೂಡದಿದ್ದರೆ ಟೈರು ಮತ್ತು ರಸ್ತೆಯ ನಡುವೆ ನೀರಿನ ಪದರ ಉಂಟಾಗಿ ಕಾರು ಅದರ ಮೇಲೆ ತೇಲುತ್ತದೆ. ಆಗ ಬ್ರೇಕೂ ಸ್ಟಿಯರಿಂಗೂ ಕೆಲಸ ಮಾಡುವುದಿಲ್ಲ. ಕಾನೂನಿನ ಮಿತಿ 1.6 ಮಿ.ಮೀ. ಆದರೂ 3 ಮಿ.ಮೀ.ಗಿಂತ ಕಡಿಮೆಯಾದಾಗಲೇ ಒದ್ದೆ ರಸ್ತೆಯ ಹಿಡಿತ ಗಮನಾರ್ಹವಾಗಿ ಕುಗ್ಗುತ್ತದೆ. ಆದ್ದರಿಂದ ಈ ದಾರಿಯಲ್ಲಿ ಓಡಾಡುವವರು ಆ ಮಟ್ಟಕ್ಕೆ ಬಂದ ಟೈರುಗಳನ್ನು ಮೇ ತಿಂಗಳಲ್ಲಿ, ಮಳೆಗೆ ಮುನ್ನವೇ ಬದಲಿಸುವುದು ಲೇಸು. ತಗ್ಗು-ದಿಣ್ಣೆಗಳ ಕಾಡುರಸ್ತೆಗಳಲ್ಲಿ ಪಕ್ಕದ ಗೋಡೆ ಎತ್ತರವಿರುವ ಟೈರುಗಳು ಪೆಟ್ಟನ್ನು ಹೆಚ್ಚು ತಾಳಿಕೊಳ್ಳುತ್ತವೆ. ಅಂದಕ್ಕಾಗಿ ದೊಡ್ಡ ರಿಮ್ ಮತ್ತು ತೆಳು ಗೋಡೆಯ ಟೈರುಗಳನ್ನು ಹಾಕಿಸಿದರೆ ರಿಮ್ ಬಾಗುವ, ಟೈರು ಉಬ್ಬುವ ಸಂಭವ ಹೆಚ್ಚುತ್ತದೆ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

ಎಂ.ಆರ್.ಎಫ್., ಅಪೊಲೊ, ಸಿಯಟ್ ಮತ್ತು ಜೆ.ಕೆ. ಟೈರ್ ಭಾರತದ ಪ್ರಮುಖ ತಯಾರಕ ಕಂಪನಿಗಳು. ಮೈಸೂರಿನ ವಿಕ್ರಾಂತ್ ಟೈರ್ಸ್ ಕಾರ್ಖಾನೆ 1997ರಲ್ಲಿ ಜೆ.ಕೆ. ಸಮೂಹದ ಪಾಲಾಯಿತು. ಪ್ರತಿಯೊಂದು ಕಂಪನಿಯೂ ಬಾಳಿಕೆಗೆ, ಹಿಡಿತಕ್ಕೆ, ಮೃದು ಸವಾರಿಗೆ ಬೇರೆ ಬೇರೆ ಮಾದರಿಗಳನ್ನು ತಯಾರಿಸುವುದರಿಂದ ಕಂಪನಿಯ ಹೆಸರಿಗಿಂತ ಮಾದರಿಯ ಗುಣವನ್ನು ಕೇಳಿ ತಿಳಿಯುವುದು ಮುಖ್ಯ.

ಕಾರಿನ ಹೊಸ ಟೈರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಬೆಲೆ ಕೇಳುವಾಗ ತೆರಿಗೆ, ಜೋಡಣೆ, ವಾಲ್ವ್, ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಸೇರಿವೆಯೇ ಎಂದು ವಿಚಾರಿಸಬೇಕು. ಟೈರನ್ನು ರಿಮ್ಮಿಗೆ ಹಾಕುವ ಮುನ್ನ ತಯಾರಿಕೆಯ ವಾರವನ್ನು ನೋಡಬೇಕು. ಟೈರಿನ ಕ್ರಮಸಂಖ್ಯೆ ಬರೆದ ರಸೀದಿಯನ್ನು ವಾರಂಟಿಗಾಗಿ ಇಟ್ಟುಕೊಳ್ಳಬೇಕು. ಬಳಸಿದ ಟೈರುಗಳು ಅಗ್ಗವಾಗಿ ದೊರೆತರೂ ಅವುಗಳ ಒಳಗಿನ ಪೆಟ್ಟು ಹೊರಗೆ ಕಾಣುವುದಿಲ್ಲ.

ಎರಡನ್ನೇ ಬದಲಿಸುವುದಾದರೆ, ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿಯೂ, ಹೊಸ ಟೈರುಗಳನ್ನು ಹಿಂದಿನ ಚಕ್ರಗಳಿಗೆ ಹಾಕುವಂತೆ ತಯಾರಕರು ಸಲಹೆ ನೀಡುತ್ತಾರೆ. ಒದ್ದೆ ತಿರುವಿನಲ್ಲಿ ಹಿಂಬದಿ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಸಾಮಾನ್ಯ ಚಾಲಕನಿಗೆ ಅದನ್ನು ಹತೋಟಿಗೆ ತರುವುದು ಕಷ್ಟ.

ನಿರ್ವಹಣೆ

ಒಳ್ಳೆಯ ಟೈರೂ ಆರೈಕೆಯಿಲ್ಲದೆ ಬಾಳುವುದಿಲ್ಲ. ಗಾಳಿ ಕಡಿಮೆಯಾದರೆ ಎರಡೂ ಅಂಚುಗಳು ಸವೆಯುತ್ತವೆ, ಹೆಚ್ಚಾದರೆ ನಡುಭಾಗ ಸವೆಯುತ್ತದೆ. ಒಂದೇ ಅಂಚು ಸವೆದಿದ್ದರೆ ಸಾಮಾನ್ಯವಾಗಿ ಅಲೈನ್‌ಮೆಂಟ್ ತಪ್ಪಿರುತ್ತದೆ. ಅದನ್ನು ಸರಿಪಡಿಸದೆ ಹೊಸ ಟೈರು ಹಾಕಿದರೆ ಅದೂ ಹಾಗೆಯೇ ಹಾಳಾಗುತ್ತದೆ. ಸ್ಟೆಪ್ನಿಯೂ ಸೇರಿ ಎಲ್ಲ ಟೈರುಗಳ ಗಾಳಿಯನ್ನು ತಿಂಗಳಿಗೊಮ್ಮೆಯಾದರೂ, ಕಾರು ಓಡಿ ಬಿಸಿಯಾಗುವ ಮುನ್ನ ಪರೀಕ್ಷಿಸಬೇಕು. ಸುಮಾರು 10,000 ಕಿ.ಮೀ.ಗೊಮ್ಮೆ ಟೈರುಗಳ ಸ್ಥಾನವನ್ನು ಅದಲುಬದಲು ಮಾಡಿದರೆ ಸವೆತ ಸಮನಾಗುತ್ತದೆ. ಟ್ರೆಡ್ಡಿನಲ್ಲಾದ ಸಣ್ಣ ಪಂಕ್ಚರನ್ನು ಸರಿಪಡಿಸಬಹುದು. ಪಕ್ಕದ ಗೋಡೆಯಲ್ಲಿ ತೂತಾದ ಟೈರನ್ನು ಬದಲಿಸಲೇಬೇಕು.

ಕಳಚಿದ ಹಳೆಯ ಟೈರುಗಳನ್ನು ಅಂಗಡಿಯಲ್ಲಿಯೇ ಒಪ್ಪಿಸುವುದು ಒಳಿತು. ಅಂಗಳದಲ್ಲಿ ಬಿಟ್ಟರೆ ಅವುಗಳಲ್ಲಿ ಮಳೆನೀರು ನಿಂತು ಡೆಂಗಿ ಹರಡುವ ಸೊಳ್ಳೆಗಳು ಬೆಳೆಯುತ್ತವೆ. ಸುಟ್ಟರೆ ವಿಷಕಾರಿ ಹೊಗೆ ಬರುತ್ತದೆ. 2022ರ ನಿಯಮಗಳ ಪ್ರಕಾರ ತ್ಯಾಜ್ಯ ಟೈರುಗಳ ಮರುಬಳಕೆಯ ಹೊಣೆಯು ತಯಾರಕರು ಹಾಗೂ ಆಮದುದಾರರ ಮೇಲಿದೆ.