ಎಳನೀರ ಸೀಮೆಯಲ್ಲಿ ಹೆಬ್ಬೆರಳ ನೋವು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೈಕಾಲಿಗೆ ಬಿಡುವಿಲ್ಲ. ಕಾಯಿ ಕೆಡವಬೇಕು, ಕೊಬ್ಬರಿಗೆಂದು ಅಟ್ಟಕ್ಕೇರಿಸಬೇಕು, ತಿಂಗಳುಗಟ್ಟಲೆ ಒಣಗಿದ ಮೇಲೆ ಸುಲಿಯಬೇಕು. ಹೀಗೆ ದುಡಿಯುವವನ ಹೆಬ್ಬೆರಳು ನಡುರಾತ್ರಿ ಕೆಂಪಗೆ ಊದಿ, ಹೊದಿಕೆ ತಾಗಿದರೂ ಚೀರುವಂತಾದರೆ ಮುಳ್ಳು ಚುಚ್ಚಿತೋ, ಉಳುಕಿತೋ ಎಂದು ಮನೆಯವರು ಹುಡುಕುತ್ತಾರೆ. ಕಾರಣ ಅವನ ರಕ್ತದಲ್ಲೇ ಇರಬಹುದು.

ಜೀವಕೋಶಗಳಲ್ಲೂ ಆಹಾರದಲ್ಲೂ ಇರುವ ಪ್ಯೂರಿನ್ ಒಡೆದಾಗ ಯೂರಿಕ್ ಆಮ್ಲ ಹುಟ್ಟುತ್ತದೆ. ಸ್ವೀಡನ್ನಿನ ಷೀಲೆ 1776ರಲ್ಲಿ ಮೂತ್ರಕೋಶದ ಕಲ್ಲಿನಲ್ಲಿ ಇದನ್ನು ಕಂಡುಹಿಡಿದ. ರಕ್ತದಲ್ಲಿ ಅದು ಹೆಚ್ಚಾಗಿ ಸೋಡಿಯಂ ಯೂರೇಟ್ ಎಂಬ ಲವಣವಾಗಿರುತ್ತದೆ. ಇದು ಬರೀ ಕಸವಲ್ಲ. ಜೀವಕೋಶಕ್ಕೆ ಹಾನಿ ಮಾಡುವ ಕೆಲವು ಕಣಗಳನ್ನು ತಡೆಯುತ್ತದೆ. ಹಲವು ಪ್ರಾಣಿಗಳಲ್ಲಿ ಇದನ್ನು ಮತ್ತಷ್ಟು ಒಡೆಯುವ ಯೂರಿಕೇಸ್ ಕಿಣ್ವ ಇದೆ, ಮನುಷ್ಯನಲ್ಲಿಲ್ಲ. ಮೂರರಲ್ಲಿ ಎರಡು ಪಾಲನ್ನು ಮೂತ್ರಪಿಂಡ, ಉಳಿದುದನ್ನು ಕರುಳು ಹೊರಹಾಕುತ್ತವೆ.

ಹೊರಹೋಗುವುದು ಕಡಿಮೆಯಾಗಿ, 100 ಮಿಲಿಲೀಟರ್ ರಕ್ತದ್ರವದಲ್ಲಿ ಸುಮಾರು 6.8 ಮಿಲಿಗ್ರಾಂ ದಾಟಿದರೆ ಲವಣ ಸೂಜಿಯಂಥ ಹರಳಾಗಿ ಕೀಲಿನಲ್ಲಿ ಕೂರಬಹುದು. ಅದೇ ಗೌಟ್. ದೇಹದ ತುದಿಯಲ್ಲಿರುವ, ತಣ್ಣಗಿನ ಹೆಬ್ಬೆರಳಿನ ಬುಡ ಅದಕ್ಕೆ ಇಷ್ಟದ ಜಾಗ.

ಹಾಗಾದರೆ ಹುರುಳಿ, ಅವರೆ ಬಿಡಬೇಕೆ? 47,150 ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮಾಂಸ, ಮೀನು ಹೆಚ್ಚು ತಿಂದವರಲ್ಲಿ ಗೌಟ್ ಹೆಚ್ಚು. ಪ್ಯೂರಿನ್ ಇರುವ ತರಕಾರಿ, ಕಾಳುಗಳಿಂದ ಹಾಗಾಗಲಿಲ್ಲ. ಕೊಬ್ಬು ಕಡಿಮೆಯಿರುವ ಹಾಲಿನ ಪದಾರ್ಥ ಬಳಸಿದವರಲ್ಲಿ ರೋಗ ಕಡಿಮೆ. ಮಜ್ಜಿಗೆ ಕುಡಿಯುವವರಿಗೆ ಒಳ್ಳೆಯ ಸುದ್ದಿ. ಮದ್ಯ, ಅದರಲ್ಲೂ ಬಿಯರು, ಸಕ್ಕರೆ ಪಾನೀಯಗಳಿಂದ ದೂರವಿರುವುದು ಲೇಸು.

ಎಳನೀರಿನ ಮಾತೇನು? ನೀರಿನ ಹಾಗೆ ಅದೂ ಮೂತ್ರ ಹೆಚ್ಚಿಸುತ್ತದೆ. ಮೂತ್ರ ತೆಳುವಾಗಿದ್ದರೆ ಕಲ್ಲು ಕಟ್ಟುವುದು ಕಷ್ಟ. ಆದರೆ ಕೀಲಿನಲ್ಲಿ ಕೂತ ಹರಳನ್ನು ಎಳನೀರು ಕರಗಿಸುವುದಿಲ್ಲ. ಮೂತ್ರಪಿಂಡ ಸೋತವರಿಗೆ ಅದರ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸಬಹುದು.

ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ದಿನಗಟ್ಟಲೆ ನುಂಗಿದರೆ ಪೆಟ್ಟು ಬೀಳುವುದು ಯೂರೇಟನ್ನು ಹೊರಹಾಕಬೇಕಾದ ಆ ಮೂತ್ರಪಿಂಡಕ್ಕೇ. ನೋವು ಬಂದ ದಿನ ಯೂರಿಕ್ ಆಮ್ಲ ಸಾಮಾನ್ಯ ಮಟ್ಟದಲ್ಲೇ ಕಾಣಬಹುದು. ಕೀಲಿನ ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹರಳು ಸಿಕ್ಕಿಬೀಳುತ್ತದೆ. ವೈದ್ಯರು ಅಲೋಪ್ಯೂರಿನಾಲ್ ಬರೆದುಕೊಟ್ಟಿದ್ದರೆ ನೋವು ನಿಂತಿತೆಂದು ತಾವಾಗಿ ಬಿಡಬಾರದು. ಮಟ್ಟ 6ಕ್ಕಿಂತ ಕೆಳಗೆ ಉಳಿದರೆ ಹಳೆಯ ಹರಳುಗಳೂ ನಿಧಾನವಾಗಿ ಕರಗುತ್ತವೆ.