ಹಳೆಯ ಕಂಪ್ಯೂಟರ್‌ಗೆ ಹೊಸ ಕಾರ್ಡ್: ಮೊದಲು ಪೆಟ್ಟಿಗೆ ಬಿಚ್ಚಿ ನೋಡಿ

ಧರ್ಮಪುರಿ: ಮೂಲೆಯಲ್ಲಿರುವ ಹಳೆಯ ಡೆಸ್ಕ್‌ಟಾಪ್ ನಿಧಾನವಾದರೆ ಮನೆಯ ಹುಡುಗರದ್ದು ಒಂದೇ ಮಾತು: 'ಸೇಲಂಗೆ ಹೋಗಿ ಒಂದು ಗ್ರಾಫಿಕ್ಸ್ ಕಾರ್ಡ್ ತರೋಣ'. ಮೆಟ್ಟೂರು, ಪೆನ್ನಾಗರಂ ಕಡೆಯ ಹಳ್ಳಿಗಳಿಂದ ಪೇಟೆಗೆ ಹೋಗಿಬರಲು ಒಂದು ದಿನವೇ ಬೇಕು. ತಂದ ಕಾರ್ಡ್ ಕೂರದಿದ್ದರೆ ಅಂದಿನ ಕೂಲಿಯೂ ಹೋಯಿತು, ಬಸ್ ಚಾರ್ಜೂ ಹೋಯಿತು. ಕೂತರೂ ವಿದ್ಯುತ್ ಸಾಲದಿದ್ದರೆ ಕಷ್ಟ ಇನ್ನೂ ದೊಡ್ಡದು. ಕಳಪೆ ಎಸ್‌ಎಂಪಿಎಸ್ ಸುಟ್ಟರೆ ಮದರ್‌ಬೋರ್ಡ್, ಹಾರ್ಡ್ ಡಿಸ್ಕ್, ಅದರಲ್ಲಿದ್ದ ಮದುವೆ ಫೋಟೋ ಎಲ್ಲಕ್ಕೂ ಕುತ್ತು.

ಮನೆಗೆ ಬರುವ 230 ವೋಲ್ಟ್ ಕರೆಂಟನ್ನು 12, 5 ಮತ್ತು 3.3 ವೋಲ್ಟ್‌ಗೆ ಇಳಿಸುವ ಪೆಟ್ಟಿಗೆಯೇ ಎಸ್‌ಎಂಪಿಎಸ್. ಅದರ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ '450' ಎಂದಿದ್ದರೆ ಮರುಳಾಗಬೇಡಿ. 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಎಂದು ನೋಡಿ, 12ರಿಂದ ಗುಣಿಸಿ. 14 ಆಂಪಿಯರ್ ಇದ್ದರೆ ಸಿಗುವುದು 168 ವ್ಯಾಟ್ ಮಾತ್ರ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಈ ಸಾಲಿನಿಂದಲೇ ಉಣ್ಣುತ್ತವೆ. 2004ರ ನಂತರದ ಕೆಲವು ಪೆಂಟಿಯಂ 4 ಚಿಪ್‌ಗಳಿಗೆ ಸುಮಾರು 115 ವ್ಯಾಟ್ ಬೇಕು. 2006ರಲ್ಲಿ ಬಂದ ಕೋರ್ 2 ಡ್ಯುಯೊಗೆ ಸಾಮಾನ್ಯವಾಗಿ 65 ಸಾಕು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನಾಗಿ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಕಾರ್ಡಿಗೆ ಪ್ರತ್ಯೇಕ ಆರು ಪಿನ್ ವೈರ್ ಬೇಕೆಂದರೆ ಇನ್ನೂ 75 ಸೇರಿಸಿಕೊಳ್ಳಿ. ಲೆಕ್ಕ 168 ದಾಟಿತಲ್ಲ! ಆಟ ಶುರುವಾದೊಡನೆ ಆಫ್ ಆಗುವ ಕಂಪ್ಯೂಟರಿಗೆ ವೈರಸ್ ಬಂದಿದೆ ಎಂದು ಫಾರ್ಮ್ಯಾಟ್ ಮಾಡಿಸಿದವರು ಕಡಿಮೆಯಿಲ್ಲ.

2012ರ ಸುಮಾರಿಗೆ ತಮಿಳುನಾಡಿನಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುತ್ತಿದ್ದ ಕಾಲದಲ್ಲಿ ಕೊಂಡ ಸಣ್ಣ ಯುಪಿಎಸ್‌ ಇದ್ದರೆ ಅದನ್ನೂ ಮರೆಯಬೇಡಿ. 600 ವಿಎ ಎಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360ರ ಆಸುಪಾಸು.

ಇನ್ನು ಹೊಂದಾಣಿಕೆ. ಡಿಡಿಆರ್2 ರ‍್ಯಾಮ್ ಡಿಡಿಆರ್3 ಸ್ಲಾಟಿಗೆ ಹೋಗದು. ನಡುವಿನ ಕಚ್ಚೇ ಬೇರೆ ಕಡೆ ಇರುತ್ತದೆ, ಒತ್ತಿ ತುರುಕಬೇಡಿ. ಎಜಿಪಿ ಸ್ಲಾಟಿನ ಬೋರ್ಡಿಗೆ ಇಂದಿನ ಕಾರ್ಡ್ ಕೂರುವುದಿಲ್ಲ. ಹಳೆಯ ರ‍್ಯಾಮ್ ಬಿಚ್ಚಿ ಅಂಗಡಿಗೇ ಒಯ್ಯುವುದು ಎಲ್ಲಕ್ಕಿಂತ ಒಳ್ಳೆಯದು. ಕನ್ನಡದಲ್ಲಿ ಹೇಳಬೇಕೋ ತಮಿಳಿನಲ್ಲೋ ಎಂಬ ತಾಪತ್ರಯವೂ ಇಲ್ಲ.

ಬರವಣಿಗೆ, ಇಂಟರ್ನೆಟ್, ಮಕ್ಕಳ ಪಾಠ ಇಷ್ಟೇ ಕೆಲಸವಾದರೆ ಗ್ರಾಫಿಕ್ಸ್ ಕಾರ್ಡೇ ಬೇಡ. ಸಾಟಾ ಜೋಡಣೆ ಇರುವ ಬೋರ್ಡಿಗೆ ಎಸ್‌ಎಸ್‌ಡಿ ಹಾಕಿಸಿ. ಎರಡು ಮೂರು ವ್ಯಾಟ್‌ನಲ್ಲಿ ಕೆಲಸ ಮಾಡುತ್ತದೆ, ಎಸ್‌ಎಂಪಿಎಸ್ ಬದಲಿಸಬೇಕಿಲ್ಲ, ವೇಗ ಕೂಡಲೇ ಕಾಣುತ್ತದೆ. ಡಬ್ಬದಂಥ 17 ಇಂಚಿನ ಸಿಆರ್‌ಟಿ ಮಾನಿಟರ್ ಇನ್ನೂ ಇದ್ದರೆ ಅದನ್ನು ಬಿಡಿ. ಅದಕ್ಕೆ 70-80 ವ್ಯಾಟ್, ಎಲ್‌ಇಡಿಗೆ ಸುಮಾರು 20. ದಿನಕ್ಕೆ ಐದು ಗಂಟೆ ಓಡಿಸಿದರೆ ಈ ಒಂದರಿಂದಲೇ ಎರಡು ತಿಂಗಳಿಗೆ ಹದಿನೈದು ಯೂನಿಟ್ ಉಳಿತಾಯ. 2016ರಲ್ಲಿ ಮನೆಗಳಿಗೆ ಉಚಿತವಾದದ್ದು ಎರಡು ತಿಂಗಳಿಗೆ 100 ಯೂನಿಟ್ ಎಂಬುದನ್ನು ನೆನೆದರೆ ಇದು ಸಣ್ಣದಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಥ ಹಳೆಯ ಬೋರ್ಡುಗಳನ್ನು ಒಪ್ಪುವುದಿಲ್ಲ, ಆದ್ದರಿಂದ ಅದರ ಆಸೆಗೆ ದುಡ್ಡು ಸುರಿಯಬೇಡಿ. ಉಚಿತ ಲಿನಕ್ಸ್ ಹಾಕಿದರೆ ಕನ್ನಡ, ತಮಿಳು ಎರಡೂ ಬರುತ್ತವೆ. ಏನೇ ಬದಲಿಸುವ ಮುನ್ನ ಫೋಟೋ, ಕಾಗದಪತ್ರಗಳನ್ನು ಪೆನ್‌ಡ್ರೈವ್‌ಗೆ ಇಳಿಸಿ, ನಂತರ ಪ್ಲಗ್ ಕಿತ್ತು ಪೆಟ್ಟಿಗೆಗೆ ಕೈಹಾಕಿ. ಎಸ್‌ಎಂಪಿಎಸ್‌ನ ಒಳಮುಚ್ಚಳ ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದು ಹೊಡೆಯಬಲ್ಲದು.